ಹಾಕುರಿ ಬೆಳೆಯುವ ಕಾಡು

ಮರುಭೂಮಿಯ ಅಂಚಿನ ಜಿಂದೇರ್ ಪೇಟೆಯಲ್ಲಿ ಎಲೆಯಡಿಕೆಯಂತೆ ಅಗಿಯುವ ಕೋಲಾ ಬೀಜ ಮಾರುವವರು ನಲವತ್ತು ಮಂದಿ ಇದ್ದರೂ ಮದುವೆ ನಿಶ್ಚಯಕ್ಕೆ ಬೀಜ ಹಂಚಬೇಕಾದವರು ದೇಲುವಿನ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವಳ ನಗುಮುಖ ನೋಡಿ ಬರುತ್ತಿದ್ದರು ಎಂದುಕೊಳ್ಳಬೇಡಿ. ದೇಲುವಿನ ಮುಖದಲ್ಲಿ ನಗು ಕಾಣಬೇಕಾದರೆ ಎದುರಿಗಿದ್ದವರು ಕಾಲು ಜಾರಿ ಬೀಳಬೇಕು. ಅವರು ಬರುತ್ತಿದ್ದುದು ಅವಳ ಬುಟ್ಟಿಯಲ್ಲಿ ಒದ್ದೆ ಎಲೆಗಳ ನಡುವೆ ತಣ್ಣಗೆ ಮಲಗಿರುತ್ತಿದ್ದ ಒಂದು ಬಿಳಿ ಬೀಜಕ್ಕಾಗಿ. ಪೇಟೆಯವರು ಅದಕ್ಕೆ ಹಾಕುರಿ ಎಂದು ಹೆಸರಿಟ್ಟಿದ್ದರು, ಅವರ ಭಾಷೆಯಲ್ಲಿ ತಾಳ್ಮೆ ಎಂದರ್ಥ. ಬಾಯಿಗೆ ಹಾಕಿದ ಕೂಡಲೇ ಕಹಿ, ಮುಖ ಕಿವುಚಿಕೊಳ್ಳುತ್ತದೆ. ಉಗುಳದೆ ಅಗಿದು, ಮೇಲೊಂದು ಗುಟುಕು ನೀರು ಕುಡಿದರೆ ನಾಲಿಗೆಯ ಬುಡದಿಂದ ಸಿಹಿ ಏಳುತ್ತದೆ. ತಾಳಿದವನು ಬಾಳಿಯಾನು ಎಂದು ಮದುಮಗನಿಗೆ ಉಪದೇಶ ಮಾಡುವ ಬದಲು ಅಲ್ಲಿಯವರು ಉಪದೇಶವನ್ನು ಅವನ ಬಾಯಿಗೇ ಹಾಕಿಬಿಡುತ್ತಾರೆ.

ಈ ಹಾಕುರಿ ಮೂರು ವರ್ಷದಿಂದ ಕಡಿಮೆಯಾಗುತ್ತಾ ಬಂದಿತ್ತು. ಸುಗ್ಗಿಗೆ ಹನ್ನೆರಡು ಬುಟ್ಟಿ ಬರುತ್ತಿದ್ದದ್ದು ಏಳಾಯಿತು, ಏಳು ಮೂರಾಯಿತು, ಈ ಸಲ ಅರ್ಧ ಬುಟ್ಟಿ. ದೇಲು ಐವರಿ ಕೋಸ್ಟಿನ ಕಾಡುಸೀಮೆಯಲ್ಲಿದ್ದ ದಲ್ಲಾಳಿ ಲಾವಲಿಗೆ ಫೋನ್ ಮಾಡಿ ಬೈದಳು. ಇಪ್ಪತ್ತೆರಡು ವರ್ಷದಿಂದ ಅವಳಿಗೆ ಬೀಜ ಕಳಿಸುತ್ತಿದ್ದವನು ಅವನೇ. ಒಬ್ಬರ ಮುಖ ಇನ್ನೊಬ್ಬರು ನೋಡಿರಲಿಲ್ಲ.

"ಯಾರಿಗೆ ಮಾರ್ಕೊಂಡ್ಯೋ ನನ್ನ ಬೀಜಾನ?"

"ಅಯ್ಯೋ ಅಕ್ಕಾ, ಕಾಡಿಂದಾನೇ ಬರ್ತಿಲ್ಲ. ನಾನೇನು ಹೆರ್ಲಾ ಅದನ್ನ?"

"ಯಾವ ಮರದ್ದು ಅದು?"

"ಯಾವ ಮರ ಅಂತ ನಂಗೇನು ಗೊತ್ತು? ಮೂಟೇಲಿ ಬರುತ್ತೆ, ಬುಟ್ಟೀಲಿ ಕಳಿಸ್ತೀನಿ."

ದೇಲು ಅಂದೇ ಹೊರಟು ನಿಂತಳು. ಅವಳ ಲೆಕ್ಕಾಚಾರವೇ ಬೇರೆ ಇತ್ತು. ಹಾಕುರಿಯ ಮೂಲ ಹಿಡಿದರೆ ಅಲ್ಲೇ ಒಂದು ಗೋದಾಮು ತೆರೆಯಬಹುದು. ಜಿಂದೇರ್ ಅಲ್ಲದೆ ಮೇಲೆ ಆಗದೇಜ್, ಗಡಿಯಾಚೆಯ ಕಾನೊ, ಎಲ್ಲ ಕಡೆಗೂ ತನ್ನ ಹೆಸರಲ್ಲೇ ಸರಕು ಹೋಗಬೇಕು. ಮೂಲ ಸಿಗದಿದ್ದರೆ ತಾನೂ ನಲವತ್ತರಲ್ಲಿ ಒಬ್ಬಳು. ಅರವತ್ತೆಂಟು ವರ್ಷಕ್ಕೆ ಮೂರು ದೇಶ ಸುತ್ತುವುದೇ ಎಂದು ಮಗಳು ಜುಲೇ ಬಾಗಿಲಿಗೆ ಅಡ್ಡ ನಿಂತಳು.

"ಬೀಜ ಬರೋ ದಾರಿ ತಾನೇ? ನಾನು ಹೋದ್ರೆ ರಸ್ತೆ ಸವೆಯುತ್ತಾ?" ಎಂದು ದೇಲು ಮಗಳನ್ನು ಪಕ್ಕಕ್ಕೆ ಸರಿಸಿದಳು.

ಗಲ್ಮಿಯ ಈರುಳ್ಳಿ ತುಂಬಿದ ಲಾರಿಯಲ್ಲಿ ಡ್ರೈವರ್ ಪಕ್ಕ ಜಾಗ ಸಿಕ್ಕಿತು. ಈ ಲಾರಿಗಳು ಈರುಳ್ಳಿ ಇಳಿಸಿ ಕೋಲಾ ಹೊತ್ತು ವಾಪಸಾಗುತ್ತವೆ. ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ಎಲ್ಲಿಯ ಸಂಬಂಧ ಎನ್ನುತ್ತೇವೆ. ಸಂಬಂಧ ಲಾರಿಯವನಿಗೆ ಗೊತ್ತಿರುತ್ತದೆ. ನಿಯಾಮೆ ದಾಟಿತು, ಬುರ್ಕಿನಾದ ಗಡಿ ದಾಟಿತು. ಮುಳ್ಳುಕಂಟಿ ಹೋಗಿ ಸಜ್ಜೆ ಹೊಲ ಬಂತು, ಸಜ್ಜೆ ಹೋಗಿ ಮಾವಿನ ಮರ ಬಂತು. ನೀರಿನ ಪೊಟ್ಟಣಕ್ಕೆ ಮೂರು ದೇಶದಲ್ಲೂ ಅದೇ ಫ್ರಾಂಕ್ ನಾಣ್ಯ ನಡೆಯಿತು, ಕೊಡುವ ಕೈಗಳ ಭಾಷೆ ಮಾತ್ರ ಬೇರೆ. ಐದನೆಯ ದಿನ ಬೆಳಿಗ್ಗೆ ಎಚ್ಚರವಾದಾಗ ರಸ್ತೆಯ ಎರಡೂ ಕಡೆ ಹಸಿರು ಗೋಡೆ ಎದ್ದಿತ್ತು. ದೇಲು ಕತ್ತು ಹೊರಗೆ ಹಾಕಿ ಆಕಾಶ ಹುಡುಕಿದಳು. ಅವಳ ಊರಲ್ಲಿ ಆಕಾಶಕ್ಕೆ ಬರವಿಲ್ಲ. ಇಲ್ಲಿ ಅದು ರಸ್ತೆಯಷ್ಟೇ ಅಗಲ ಉಳಿದಿತ್ತು.

"ಇಷ್ಟೊಂದು ಮರಗಳನ್ನ ಯಾರು ನೀರು ಹಾಕಿ ಬೆಳೆಸಿದ್ರು?" ಎಂದು ಕೇಳಿದಳು.

ಡ್ರೈವರ್ ನಗಬಾರದೆಂದು ತುಟಿ ಕಚ್ಚಿಕೊಂಡ. "ಯಾರೂ ಇಲ್ಲಮ್ಮ. ತಾವಾಗೇ."

ತಾವಾಗೇ ಎನ್ನುವ ಆ ಒಂದು ಮಾತನ್ನು ದೇಲು ಲಾವಲಿಯ ಊರಾದ ಅಬೆಂಗುರು ಪಟ್ಟಣ ಬರುವವರೆಗೂ ಮನಸ್ಸಿನಲ್ಲಿ ತಿರುಗಿಸುತ್ತಿದ್ದಳು. ಅವಳ ಮನೆಯ ಮುಂದಿನ ಒಂದು ಬೇವಿನ ಸಸಿಗೆ ಹನ್ನೊಂದು ವರ್ಷ ಕೈ ತೊಳೆದ ನೀರು ಎರೆದು ನೆರಳು ಕಂಡವಳು ಅವಳು.

ಬಡಗಣ ವ್ಯಾಪಾರಿ ಬಂದರೆ ದಲ್ಲಾಳಿಯ ಮನೆಯಲ್ಲೇ ಇಳಿಯಬೇಕು. ಅವನ ಅನ್ನ ಉಣ್ಣಬೇಕು, ಅವನೇ ಜಾಮೀನು. ಬಾಗಿಲಲ್ಲಿ ನಿಂತ ಲಾವಲಿಯನ್ನು ನೋಡಿ ದೇಲುವಿಗೆ ನಿರಾಸೆಯಾಯಿತು. ಅಷ್ಟು ದಪ್ಪ ದನಿ ಇಷ್ಟು ಸಣಕಲ ಮನುಷ್ಯನೊಳಗೆ ಹೇಗೆ ಹಿಡಿಸಿತ್ತೋ.

"ಬನ್ನಿ ಅಕ್ಕ. ಫೋನಲ್ಲಿ ನೀವು ಏಳಡಿ ಇದ್ರಿ," ಎಂದ ಲಾವಲಿ.

"ನೀನು ಗಂಡಸಿನ ಥರ ಇದ್ದೆ," ಎಂದಳು ದೇಲು. ಇಬ್ಬರಿಗೂ ಸಮಾಧಾನವಾಯಿತು, ಹಳೆಯ ಸಲಿಗೆ ಮುಖಾಮುಖಿಯಾಗಿಯೂ ಉಳಿದಿತ್ತು.

ಮರ ಹುಡುಕಲು ಜೊತೆಗೆ ಬರಲು ಮಾತ್ರ ಅವನು ಸುಲಭಕ್ಕೆ ಒಪ್ಪಲಿಲ್ಲ. "ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ನನ್ನ ಕೈಯಿಂದಾನೇ ದೊಣ್ಣೆ ಕೇಳ್ತಿದೀರಲ್ಲಾ ಅಕ್ಕ?"

"ಬೀಜವೇ ಇಲ್ದಿದ್ರೆ ನಿನ್ನ ಹೊಟ್ಟೆಗೆ ಏನು ಹಾಕ್ತೀಯೋ? ಗೋದಾಮು ತೆರೆದ್ರೆ ಕಾಯೋನು ನೀನೇ. ನಡಿ."

ಮರುದಿನ ಅವನ ಕೋಣೆಯಲ್ಲಿದ್ದ ಮೂಟೆಗಳ ಮುಂದೆ ಕುಳಿತು ದೇಲು ಒಂದೊಂದರಿಂದ ಒಂದು ಬೀಜ ತೆಗೆದು ಹಲ್ಲಿಗಿಟ್ಟಳು. ಉಗುಳಿದಳು, ನೀರು ಕುಡಿದಳು, ಮತ್ತೊಂದು. ಮೂವತ್ತೊಂದನೆಯ ಮೂಟೆಯಲ್ಲಿ ಕಣ್ಣು ಮುಚ್ಚಿದಳು. "ಇದು." ಆ ಮೂಟೆ ತಂದವನು ಮೋಟಾರ್‌ಬೈಕಿನಲ್ಲಿ ಹಳ್ಳಿ ಸುತ್ತುವ ಒಬ್ಬ ಆಸಾಮಿ. ಅವನ ಹಿಂದೆ ಲಾವಲಿಯ ಹಳೆಯ ಕಾರು ಹೊರಟಿತು.

ಎರಡು ಗಂಟೆಯ ದಾರಿಯುದ್ದಕ್ಕೂ ಸಾಲುಸಾಲು ರಬ್ಬರ್ ತೋಟ. ಕೊನೆಯಲ್ಲಿ ಒಂದು ತಗ್ಗು, ತಗ್ಗಿನಲ್ಲಿ ಹಳೆಯ ಕಾಡಿನ ಒಂದು ತುಣುಕು, ಅದರ ಅಂಚಿನಲ್ಲಿ ಒಂದು ಮಣ್ಣಿನ ಮನೆ. ಮನೆಯೊಡತಿ ಅಕುಬಾ, ಅಗ್ನಿ ಎಂಬ ಅಲ್ಲಿಯ ಬುಡಕಟ್ಟಿನ ಎಪ್ಪತ್ತು ದಾಟಿದ ಮುದುಕಿ, ಮರಗೆಣಸಿನ ಸಿಪ್ಪೆ ಹೆರೆಯುತ್ತಾ ಕುಳಿತಿದ್ದಳು. ಅವಳ ಭಾಷೆ ದೇಲುವಿಗೆ ಬಾರದು, ದೇಲುವಿನದು ಅವಳಿಗೆ ಬಾರದು. ಇಬ್ಬರ ಮಾತೂ ಲಾವಲಿಯ ಬಾಯಿ ದಾಟಿಯೇ ಹೋಗಬೇಕಿತ್ತು.

"ಬಿಳಿ ಕೋಲಾ ಮರ ನೋಡೋಕೆ ಅಷ್ಟು ದೂರದಿಂದ ಬಂದಳಾ?" ಅಕುಬಾ ಚಾಕು ಕೆಳಗಿಟ್ಟಳು. "ತಲೆ ಸರಿ ಇದೆಯಂತಾ?"

"ನಾನೂ ಅದನ್ನೇ ಕೇಳ್ದೆ," ಎಂದು ಲಾವಲಿ ತನ್ನ ಕಡೆಯಿಂದ ಸೇರಿಸಿದ.

ಮನೆಯ ಹಿಂದೆ ಹತ್ತು ಹೆಜ್ಜೆ. ಅಲ್ಲಿ ನಿಂತಿತ್ತು ಮರ. ದೇಲು ನಲವತ್ತಾರು ವರ್ಷ ಕೋಲಾ ಮಾರಿದ್ದಳು. ಕೋಲಾದ ಎಲೆಯೊಂದು ಗಾಳಿಗೆ ಅಲುಗಿದ್ದನ್ನು ನೋಡಿರಲಿಲ್ಲ. ಕತ್ತಲೆಯಂಥ ಹಸಿರು, ಕೊಂಬೆಗೇ ಅಂಟಿದ ಕೆನೆಬಣ್ಣದ ಹೂ, ಹೂವಿನೊಳಗೆ ನೆತ್ತರ ಗೆರೆ, ನಕ್ಷತ್ರದಂತೆ ಐದು ಕಡೆ ಚಾಚಿದ ಒರಟು ಕಾಯಿ. ಒಂದು ಕಾಯಿ ಬಿರಿದು ಒಳಗಿನ ಬಿಳಿ ಬೀಜಗಳು ಕಾಣುತ್ತಿದ್ದವು. ಅವಳು ಚಪ್ಪಲಿ ಬಿಟ್ಟಳು. ಯಾಕೆ ಬಿಟ್ಟಳೋ ಅವಳಿಗೇ ತಿಳಿಯದು. ಎರಡೂ ಅಂಗೈ ಕಾಂಡದ ಮೇಲಿಟ್ಟು ನಿಂತಳು. ತಾನು ಕಂಡ ಅಷ್ಟೂ ನಿಶ್ಚಿತಾರ್ಥಗಳು, ಜಗಳ ಮುಗಿಸಿ ಬೀಜ ಒಡೆದು ಹಂಚಿಕೊಂಡ ಅಣ್ಣತಮ್ಮಂದಿರು, ಹೆಸರಿಡುವ ದಿನದ ತಟ್ಟೆಗಳು, ತನ್ನ ಸ್ವಂತ ಮದುವೆ, ಎಲ್ಲವೂ ಈ ಒದ್ದೆ ತೊಗಟೆಯೊಳಗಿಂದ ಹೊರಟು ಬಂದಿದ್ದವು. ಅವಳಿಗೆ ಅಳು ಬಂತು, ತಡೆಯಲಿಲ್ಲ.

"ಮರ ನೋಡಿ ಅಳ್ತಾಳೆ," ಎಂದು ಅಕುಬಾ ಬೆರಗಾದಳು. "ಅವಳ ಊರಲ್ಲಿ ಮರ ಇಲ್ವಾ?"

"ಇಲ್ಲ," ಎಂದಳು ದೇಲು. "ಮನೆ ಬಾಗಿಲಲ್ಲಿ ನಿಂತ್ರೆ ಎರಡು ದಿನದ ದಾರಿ ಕಾಣುತ್ತೆ. ನಡುವೆ ಏನೂ ಇಲ್ಲ. ಮರಳು."

ಅಕುಬಾ ಮೇಲೆ ಕೈ ತೋರಿಸಿದಳು. "ಮರ ಇಲ್ದಿದ್ರೆ ಆಕಾಶ ಯಾವುದರ ಮೇಲೆ ನಿಂತಿರುತ್ತೆ?"

ಲಾವಲಿ ಇದನ್ನು ದಾಟಿಸಿದಾಗ ದೇಲು ಕೂಡ ತಲೆಯೆತ್ತಿ ನೋಡಿದಳು. ಇಷ್ಟು ವರ್ಷ ಅದು ಯಾವುದರ ಮೇಲೂ ನಿಲ್ಲದೆಯೇ ನಿಂತಿತ್ತಲ್ಲ ಎಂದು ಅವಳಿಗೂ ಮೊದಲ ಸಲ ಆಶ್ಚರ್ಯವಾಯಿತು.

ಅವಳು ಬಿರಿದ ಕಾಯಿಯಿಂದ ಒಂದು ಬೀಜ ತೆಗೆದು, ಸಿಪ್ಪೆ ಸುಲಿದು, ಎರಡು ಹೋಳು ಮಾಡಿ ಒಂದನ್ನು ಅಕುಬಾಳಿಗೆ ಕೊಟ್ಟಳು. ಮುದುಕಿ ಕೈ ಹಿಂದಕ್ಕೆಳೆದುಕೊಂಡಳು. ಹಿತ್ತಲ ಗಿಡ ಮದ್ದಲ್ಲ. ಕಾಡಿನ ಆ ಕೇರಿಯಲ್ಲಿ ಕೋಲಾ ತಿನ್ನುವವರಿರಲಿಲ್ಲ. ಅದು ಬಡಗಣದವರು ಒಯ್ಯುವ ಏನೋ ಒಂದು, ಬಟ್ಟೆಗೆ ಬಣ್ಣ ಹಾಕುತ್ತಾರೆಂದು ಅಕುಬಾ ತಿಳಿದಿದ್ದಳು. ದೇಲು ಬಿಡಲಿಲ್ಲ. ಮುದುಕಿ ಅಗಿದಳು, ಮುಖ ಮುರಿದಳು, ಲಾವಲಿಯ ಹಿರಿಯರನ್ನೆಲ್ಲ ನೆನೆದಳು. ದೇಲು ನೀರಿನ ಸೋರೆಬುರುಡೆ ಬಾಯಿಗಿಟ್ಟಳು.

ಅಕುಬಾ ನುಂಗಿ ತುಟಿ ಸವರಿಕೊಂಡಳು. ಆಮೇಲೆ ಮರದ ಕಡೆ ತಿರುಗಿದಳು. "ಎಪ್ಪತ್ತು ವರ್ಷ ಇದರ ಕೆಳಗೇ ಕೂತಿದ್ದೆ. ಯಾರೂ ಹೇಳ್ಲಿಲ್ಲ ನಂಗೆ."

ಈಗ ದೇಲು ವ್ಯಾಪಾರಕ್ಕೆ ಇಳಿದಳು. ಎಷ್ಟು ಮರ? ಒಂಬತ್ತಿದ್ದವು. ಆರು ಒಣಗಿ ಬಿದ್ದಿವೆ, ಈ ಮರವೂ ಸೇರಿ ಉಳಿದವು ಮೂರು. ಮೂರರ ಬುಡವೂ ಟೊಳ್ಳು. ಅಕುಬಾ ಕಾಂಡ ಬಡಿದು ಕೇಳಿಸಿದಳು, ಖಾಲಿ ಡ್ರಮ್ಮಿನ ಸದ್ದು. ಒಂದೋ ಎರಡೋ ಮಳೆಗಾಲ. ಆಮೇಲೆ ಈ ಜಮೀನಿನ ವಾರಸುದಾರನಾದ ಅಕುಬಾಳ ಅಕ್ಕನ ಮಗ ಇಲ್ಲಿಯೂ ರಬ್ಬರ್ ಹಾಕುತ್ತಾನೆ. ಹಾಕುರಿ ಕಡಿಮೆಯಾದದ್ದಕ್ಕೆ ಯಾರ ಮೋಸವೂ ಕಾರಣವಲ್ಲ. ಬೈಯಲು ದೇಲುವಿಗೆ ಒಬ್ಬ ಮನುಷ್ಯನೂ ಸಿಗಲಿಲ್ಲ.

"ಬೇರೆ ನೆಡೋದು ತಾನೇ? ಬೀಜ ಕಾಲಡೀಲೇ ಬಿದ್ದಿದೆ!"

ಅಕುಬಾ ಬೀಜಗಳಿಂದ ಕಾಲು ಹಿಂದಕ್ಕೆಳೆದುಕೊಂಡಳು. ಮೋಟಾರ್‌ಬೈಕಿನವನು ಕೆಮ್ಮಿ ರಬ್ಬರ್ ಮರಗಳ ಕಡೆ ಜಾಗ ಖಾಲಿ ಮಾಡಿದ. ಲಾವಲಿಯೇ ತಗ್ಗಿದ ದನಿಯಲ್ಲಿ ಹೇಳಿದ. "ಇಲ್ಲಿ ಯಾರೂ ನೆಡಲ್ಲ ಅಕ್ಕ. ಕೋಲಾ ನೆಟ್ಟೋರು, ಅದು ಮೊದಲ ಫಲ ಬಿಡೋ ಹೊತ್ತಿಗೆ ಸಾಯ್ತಾರೆ."

"ಯಾರು ಹೇಳಿದ್ದು?"

"ಇವೆಲ್ಲಾ ನೆಟ್ಟಿದ್ದು ನಮ್ಮ ತಾತ," ಎಂದಳು ಅಕುಬಾ. "ಮೊದಲ ಕಾಯಿ ಬಿದ್ದ ವಾರವೇ ಹೋದ."

"ಎಷ್ಟು ವಯಸ್ಸು ಆಗ?"

"ತೊಂಬತ್ತು."

"ತೊಂಬತ್ತಕ್ಕೆ ಮೆಣಸಿನಗಿಡ ನೆಟ್ರೂ ಸಾಯ್ತಾರೆ!"

"ನೆಡದಿದ್ರೆ ನೂರು ಆಗ್ತಿತ್ತು," ಎಂದಳು ಅಕುಬಾ ಗಟ್ಟಿಯಾಗಿ. ಸ್ವಲ್ಪ ತಡೆದು ಹೇಳಿದಳು. "ನನ್ನ ಗಂಡಾನೂ ನಿನ್ನ ಹಾಗೇ ನಕ್ಕ. ಎರಡು ನೆಟ್ಟ. ಏಳನೇ ವರ್ಷ ಹೂ ಬಿಡ್ತು, ಕಾಯಿ ಕಚ್ತು. ಅವನಿಗೆ ನಲವತ್ತೊಂದು. ಆ ಎರಡು ಮರಾನೂ ನಾನೇ ಕಡಿದೆ. ಸೌದೆ ಕೂಡ ಮಾಡ್ಲಿಲ್ಲ."

ಇದನ್ನು ಹೇಳುವಾಗ ಲಾವಲಿಯ ದಪ್ಪ ದನಿ ಸಣ್ಣದಾಗಿತ್ತು. ದೇಲು ನೆಲ ನೋಡಿದಳು. ಎಲೆಗಳ ಮೇಲೆ ಬಿದ್ದಿದ್ದ ಬೀಜಗಳು ಮುದ್ದಾಗಿ, ತೇವವಾಗಿ ಹೊಳೆಯುತ್ತಿದ್ದವು. ಇವು ಬರುವುದು ನಿಂತರೆ ಹಾಕುರಿ ಎನ್ನುವ ರುಚಿಯೇ ಭೂಮಿಯ ಮೇಲಿಂದ ಹೋಗುತ್ತದೆ. ಮರುಭೂಮಿಯ ಅಂಚಿನ ಒಂದು ಊರಿನ ಮದುವೆಗಳು ಸಾವಿರ ಮೈಲಿಗೂ ಆಚೆಯ ಒಬ್ಬ ಮುದುಕನ ಧೈರ್ಯದ ಮೇಲೆ ನಡೆದಿದ್ದವು. ಅವನು ಆ ಮರಳನ್ನು ಕನಸಿನಲ್ಲೂ ಕಂಡಿರಲಿಕ್ಕಿಲ್ಲ.

"ಎಷ್ಟು ವರ್ಷಕ್ಕೆ ಫಲ?" ಎಂದು ಕೇಳಿದಳು.

"ಏಳು. ಹತ್ತು."

"ಹತ್ತು ಅಂತಾನೇ ಹಿಡಿ." ದೇಲು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನನಗೆ ಅರವತ್ತೆಂಟು. ಅಂದ್ರೆ ಎಪ್ಪತ್ತೆಂಟರ ತನಕ ಸಾವು ನನ್ನ ಹತ್ರ ಸುಳಿಯಲ್ಲ ಅಂತ ನಿನ್ನ ಮರ ಬರೆದು ಕೊಡ್ತಾ ಇದೆ! ಇಂಥಾ ವ್ಯಾಪಾರ ನಾನು ಜನ್ಮದಲ್ಲೇ ಮಾಡಿಲ್ಲ. ಲಾವಲಿ, ಮುದುಕಿ ಕಾಲ ಹತ್ರ ಬಿದ್ದಿರೋ ಆ ಗುದ್ದಲಿ ಕೊಡೋ."

"ನಾನು ಮುಟ್ಟಲ್ಲ ಅಕ್ಕ! ನಂಗೆ ಸಣ್ಣ ಸಣ್ಣ ಮಕ್ಕಳಿದ್ದಾವೆ!" ಲಾವಲಿ ಮೂರು ಹೆಜ್ಜೆ ಹಿಂದೆ ಹಾರಿದ.

"ನೆಡು ಅಂದೆನಾ? ಕೊಡು ಅಂದೆ."

ಅಕುಬಾ ನಗಲಿಲ್ಲ. ಆದರೂ ಗುದ್ದಲಿಯನ್ನು ಕಾಲಿನಿಂದ ದೇಲುವಿನ ಕಡೆ ತಳ್ಳಿದಳು. ಅದೇ ಒಪ್ಪಿಗೆ.

ಟೊಳ್ಳು ಮರಗಳಿಂದಾಚೆ, ಬೆಳಕು ತುಸು ಬೀಳುವಲ್ಲಿ ದೇಲು ಅಗೆದಳು. ಸಾವು ಅಲ್ಲಾನ ಕೈಯಲ್ಲಿದೆ, ಮಣ್ಣಿನ ಕೈಯಲ್ಲಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಮೊದಲ ಬೀಜ ಹಿಡಿದು ಬೆರಳನ್ನು ಆ ಕಪ್ಪು, ಬೆಚ್ಚನೆಯ, ಆಳ ಗೊತ್ತಾಗದ ಮಣ್ಣಿಗೆ ಇಳಿಸಿದಾಗ ಅವಳಿಗೆ ನಿಜವಾಗಿ ಭಯವಾಯಿತು. ನಲವತ್ತೊಂದರ ಆ ಗಂಡಸು ನೆನಪಾದ. ಈ ಗಿಡದ ಬೀಜ ಲಾರಿ ಹತ್ತುವ ದಿನ ತನ್ನ ಅಂಗಡಿಯಲ್ಲಿ ಜುಲೇ ಕುಳಿತಿರುತ್ತಾಳೆ, ತಾನಲ್ಲ. ಕಾನೊ, ಆಗದೇಜ್ ಎಂದು ಹಾಕಿದ ಲೆಕ್ಕವೆಲ್ಲ ತಾನು ಕಾಣದ ಸುಗ್ಗಿಯದು. ಬೆರಳು ಹಿಂದಕ್ಕೆ ಬರಲು ನೋಡಿತು. ಅವಳು ಬಿಡಲಿಲ್ಲ. ಬಿಸ್ಮಿಲ್ಲಾ ಎಂದು ಬೀಜ ಬಿಟ್ಟು ಮಣ್ಣು ಮುಚ್ಚಿದಳು. ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ಬೆರಳು ತಾನಾಗೇ ಮಣ್ಣಿಗಿಳಿಯಿತು.

ಐದನೆಯ ಗುಂಡಿಯ ಹತ್ತಿರ ಅವಳ ಪಕ್ಕದಲ್ಲಿ ಯಾರೋ ಮೊಣಕಾಲೂರಿದರು. ಅಕುಬಾ. ಮರಗೆಣಸಿನ ಹಾಲು ಅಂಟಿದ ಅವಳ ಅಂಗೈಯಲ್ಲಿ ಒಂದು ಬಿಳಿ ಬೀಜವಿತ್ತು. ದೇಲು ತಡೆಯುವ ಮೊದಲೇ ಅವಳು ಅದನ್ನು ಗುಂಡಿಗೆ ಒತ್ತಿ, ಮಣ್ಣು ಎಳೆದು, ಅಂಗೈಯಿಂದ ತಟ್ಟಿದಳು. ತಟ್ಟುತ್ತಲೇ ಏನೋ ಒಂದು ಮಾತು ಹೇಳಿದಳು.

"ಏನಂತಾಳೆ?" ದೇಲು ತಲೆಯೆತ್ತಿ ಕೇಳಿದಳು.

ಹಿಂದೆ ಸರಿದಿದ್ದ ಲಾವಲಿ ಗುಂಡಿಯ ಹತ್ತಿರಕ್ಕೆ ಬಂದ.

"'ಇಷ್ಟು ದೂರದಿಂದ ಬಂದೋಳು, ಆ ಲೋಕದ ದಾರಿ ನಿಂಗೇನು ಗೊತ್ತು? ಒಬ್ಬಳನ್ನೇ ಹೆಂಗೆ ಕಳಿಸ್ಲಿ?' ಅಂತಾಳೆ ಅಕ್ಕಾ."

ದೇಲು ಸ್ವಲ್ಪ ಸರಿದು ಅಕುಬಾಳಿಗೆ ಜಾಗ ಬಿಟ್ಟಳು.