ಸೊನ್ನೆಗೆ ತಾರೀಖಿಲ್ಲ

ಬಿಸ್ಕತ್ತು ಕಾರ್ಖಾನೆಯ ಫುಟ್‌ಬಾಲ್ ತಂಡಕ್ಕೆ ಗಂಡಸು, ಹೆಂಗಸು ಯಾರು ಬೇಕಾದರೂ ಸೇರಬಹುದಿತ್ತು. ಗೋಲ್‌ಕೀಪರ್ ಜಾಗ ಮಾತ್ರ ಓವನ್ ನೋಡಿಕೊಳ್ಳುವ ನಮ್ಮ ಮಹಾಶಯನದ್ದೇ. ಯಾಕೆಂದರೆ ನಾಯಕ ಅವನ ಭಾವ, ಹೆಂಡತಿಯ ಅಣ್ಣ. ಆದರೂ ಭಾನುವಾರದ ಫೈನಲ್‌ಗೆ ಇವನು ಬೇಡವೆಂಬ ಗುಸುಗುಸು ಎದ್ದು, ತೀರ್ಮಾನಕ್ಕೆ ಕ್ಯಾಂಟೀನಿನಲ್ಲಿ ಸಭೆ ಸೇರಿತು. ಮಹಾಶಯ ಹೊಸ ಗ್ಲೌಸ್ ಹಾಕಿಕೊಂಡೇ ಬಂದು ಕೂತ.

ಪಂದ್ಯಾವಳಿಯವರು ಕಳಿಸಿದ್ದ ಫಲಿತಾಂಶದ ಫೈಲಿನ ಮೇಲೆ ಭಾವ ಡಬಲ್ ಕ್ಲಿಕ್ ಮಾಡಿದ. ಪರದೆ ತುಂಬಾ ತಾರೀಖುಗಳು! ನಾಲ್ಕು ಮಾರ್ಚ್, ಐದು ಏಪ್ರಿಲ್, ಮೂರು ಫೆಬ್ರವರಿ. ನಡುವೆ ಒಂದೇ ಒಂದು ಲೀಗ್ ಪಂದ್ಯದ ಫಲಿತಾಂಶ ಕಣ್ಣಿಗೆ ರಾಚುತ್ತಿತ್ತು: 0-9.

"ನಾವು ಗೆದ್ದಿದ್ದೆಲ್ಲ ಎಲ್ಲಿ ಹೋಯ್ತು ಭಾವಾ?"

"ನಂಗೇನು ಗೊತ್ತು? ಇಲ್ಲಿರೋದು ನೀನು ಒಂಬತ್ತು ಬಿಟ್ಟಿದ್ದೊಂದೇ."

ಮಹಾಶಯನಿಗೆ ಮೈಯೆಲ್ಲ ಉರಿಯಿತು. "ಅನ್ಯಾಯ!" ಎಂದು ಕೈ ಬೀಸಿದ ರಭಸಕ್ಕೆ ಮೇಜಿನ ಮೇಲಿದ್ದ ನೀರಿನ ಬಾಟಲಿ ಹಾರಿತು. ಅವನನ್ನು ಕರೆದೊಯ್ಯಲು ಆಗಷ್ಟೇ ಬಾಗಿಲಿಗೆ ಬಂದಿದ್ದ ಹೆಂಡತಿ ಅದನ್ನು ಒಂದೇ ಕೈಯಲ್ಲಿ ಹಿಡಿದಳು. ಓಡುವ ಬೆಲ್ಟಿನಿಂದ ಮುರಿದ ಬಿಸ್ಕತ್ತು ಆರಿಸುವುದು ಅವಳ ದಿನದ ಕೆಲಸ.

"ಅಣ್ಣಾ, 4-3 ಅಂತ ಕಂಡ್ರೆ ಕಂಪ್ಯೂಟರ್ ಅದನ್ನ ತಾರೀಖು ಅಂದ್ಕೊಳ್ಳುತ್ತೆ," ಎಂದಳು ಪರದೆ ನೋಡಿ. "ಸೊನ್ನೆ ಇದ್ರೆ ಮುಟ್ಟಲ್ಲ. ಸೊನ್ನೆ ತಾರೀಖು ಎಲ್ಲಾದ್ರೂ ಉಂಟಾ? ನಮ್ಮ ಪ್ಯಾಕಿಂಗ್ ಲೆಕ್ಕಾನೂ ಹೀಗೇ ಹಾಳು ಮಾಡ್ತಿತ್ತು. ಫೈಲನ್ನ ಸೀದಾ ತೆಗೀಬಾರ್ದು. ಖಾಲಿ ಹಾಳೆ ತೆಗೆದು, ಅದರೊಳಗೆ ಇಂಪೋರ್ಟ್ ಮಾಡಿ, ಸ್ಕೋರಿನ ಕಾಲಂಗೆ ಟೆಕ್ಸ್ಟ್ ಅಂತ ಹೇಳ್ಬೇಕು."

ಹಾಗೇ ಮಾಡಿಯೂ ತೋರಿಸಿದಳು. 4-3, 5-4, 3-2!

"ಈಗ ನೋಡಿ! ಚೆನ್ನಾಗಿ ನೋಡಿ!" ಮಹಾಶಯ ಎದೆಯುಬ್ಬಿಸಿದ.

ಎಲ್ಲರೂ ಚೆನ್ನಾಗಿಯೇ ನೋಡಿದರು. ಅದೇ ಎಡವಟ್ಟಾಯಿತು.

"ಅಲ್ಲಯ್ಯಾ, ಒಂದು ಮ್ಯಾಚಲ್ಲಾದ್ರೂ ಎದುರಿನವರಿಗೆ ಸೊನ್ನೆ ಇದೆಯಾ?" ಎಂದ ಭಾವ. "ಆಡಿದ್ದರಲ್ಲೆಲ್ಲ ಗೋಲು ಬಿಟ್ಟಿದ್ದೀಯಲ್ಲ!"

"ತಾರೀಖುಗಳೇ ಚೆನ್ನಾಗಿದ್ವು ಭಾವಾ," ಎಂದ ಮಹಾಶಯ ಸಣ್ಣ ದನಿಯಲ್ಲಿ.

ಭಾವನ ಕಣ್ಣು ತಂಗಿಯ ಕೈಯಲ್ಲಿದ್ದ ಬಾಟಲಿಯ ಮೇಲೆ ನಿಂತಿತು. "ಭಾನುವಾರ ಗೋಲಲ್ಲಿ ನೀನು ನಿಲ್ತೀಯೇನಮ್ಮಾ?"

"ನಿಲ್ತೀನಿ. ಆದ್ರೆ ನನ್ನ ಹತ್ರ ಗ್ಲೌಸ್ ಇಲ್ಲ."

ಎಲ್ಲರೂ ಮಹಾಶಯನ ಕೈ ನೋಡಿದರು. ಅವನಿಗೆ ನಿಜಕ್ಕೂ ಅಳು ಬಂತು. ಆದರೂ ಒಂದೊಂದೇ ಬೆರಳು ಬಿಡಿಸಿ ಗ್ಲೌಸ್ ಕಳಚಿ ಕೊಟ್ಟ. ಭಾನುವಾರ ಗೋಲಿನ ಹಿಂದೆ ನಿಂತು ಗಂಟಲು ಕಟ್ಟುವಷ್ಟು ಕೂಗಿದ.

ಮರುದಿನ ಹೊಸ ಫೈಲು ಬಂತು. ಭಾವ ಹಳೇ ಚಾಳಿ ಬಿಡದೆ ಮತ್ತೆ ಡಬಲ್ ಕ್ಲಿಕ್ ಮಾಡಿದ. ಮತ್ತದೇ ಮಾರ್ಚ್, ಏಪ್ರಿಲ್, ಫೆಬ್ರವರಿ. ಫೈನಲ್ಲಿನ ಸಾಲು ಮಾತ್ರ ಇದ್ದ ಹಾಗೇ ಇತ್ತು: 1-0.

"ಅದನ್ನ ಮುಟ್ಟಬೇಡಿ ಭಾವಾ," ಎಂದ ಮಹಾಶಯ ಕಟ್ಟಿದ ಗಂಟಲಲ್ಲೇ. "ಅದು ಸರಿಯಾಗೇ ಇದೆ."