ಅಜ್ಜನ ಗೋರಿ ಯಾವುದು

"ಏ ದಾಲ್ಸು, ಬಾಯಲ್ಲಿ ಏನು ಕಡುಬು ತುರುಕ್ಕೊಂಡಿದ್ದೀಯಾ? ನಮ್ಮಜ್ಜನ ಗೋರಿ ಯಾವುದು, ಹೇಳೋ!"

ರಾಜಧಾನಿ ಸೋಲ್‌ನಿಂದ ಬಂದ ಮಾಂಗ್ ಧಣಿಗಳು ಶೋಕದ ಒರಟು ನಾರಿನ ಅಂಗಿ ತೊಟ್ಟು ಗುಡ್ಡದ ಮೇಲೆ ಬೆವರುತ್ತ ನಿಂತಿದ್ದರು. ಎದುರಿಗೆ ಹುಲ್ಲು ಮುಚ್ಚಿದ ಎರಡು ದಿಬ್ಬ; ಎರಡರ ಮುಂದೆಯೂ ಸರ್ವೆಯವರು ನೆಟ್ಟ ಕೆಂಪು ಗೂಟ. ಸರ್ಕಾರ ಪೆಟ್ರೋಲಿನ ಮೇಲೆ ತೆರಿಗೆ ಹಾಕಿ, ಸೈನಿಕರನ್ನೂ ಅಗೆಯಲು ಇಳಿಸಿ, ಬುಸಾನ್‌ವರೆಗೆ ಎಳೆಯುತ್ತಿದ್ದ ಹೆದ್ದಾರಿ ಈ ಗುಡ್ಡವನ್ನು ಸೀಳಿಕೊಂಡೇ ಹೋಗಬೇಕಿತ್ತು. ವಾರಸುದಾರರು ಸಂಜೆಯೊಳಗೆ ತಮ್ಮವರ ಎಲುಬು ತೆಗೆದುಕೊಳ್ಳಬೇಕು, ಉಳಿದದ್ದು ಬುಲ್ಡೋಜರಿಗೆ. ಅಜ್ಜನ ಹೆಸರಿನ ಕಲ್ಲು ಯುದ್ಧದ ಗುಂಡಿಗೆ ಪುಡಿಯಾಗಿತ್ತು. ಆಮೇಲೆ ಧಣಿಗಳು ಒಮ್ಮೆಯಾದರೂ ಇತ್ತ ತಲೆ ಹಾಕಿದ್ದರೆ ತಾನೆ! ಯಾವ ದಿಬ್ಬ ಯಾರದೆಂದು ಬಲ್ಲವನು ಗೋರಿ ಕಾಯುವ ದಾಲ್ಸು ಒಬ್ಬನೇ.

ಅವನು ಎಡಗಡೆಯದನ್ನು ತೋರಿಸಿದ. "ಇದೇ, ಧಣಿ."

"ಇನ್ನೊಂದು?"

"ಯುದ್ಧದಲ್ಲಿ ಸತ್ತ ಯಾವನೋ ದಿಕ್ಕಿಲ್ಲದೋನು. ಊರೋರು ಹೂತುಹಾಕಿದ್ರು."

ಎಂಥ ಸುಳ್ಳು! ಎಡಗಡೆ ಮಲಗಿದ್ದವನು ದಾಲ್ಸುವಿನ ಅಪ್ಪ. ಒಳ್ಳೆಯ ನೆಲದಲ್ಲಿ ಹೂತರೆ ಮಕ್ಕಳುಮರಿ ಉದ್ಧಾರವಾಗುತ್ತವೆಂದು, ದಾಲ್ಸು ಅವನನ್ನು ಕದ್ದುಮುಚ್ಚಿ ಧಣಿಗಳ ಈ ಗುಡ್ಡದ ಅಂಚಿನಲ್ಲಿ ಹೂತಿದ್ದ. ಮೂರು ವರ್ಷದ ಮೇಲೆ ಗೊತ್ತಾದಾಗ ಇದೇ ಧಣಿ ಎಲುಬುಗಳನ್ನು ಅಗೆಸಿ ಹೊಳೆಗೆ ಎಸೆಸಿದ್ದರು. "ಆಳಿಗೆ ಅರಸರ ಗುಡ್ಡ ಬೇಕಂತೆ" ಎಂದು ಹೊಟ್ಟೆ ಹಿಡಿದು ನಕ್ಕಿದ್ದರು. ಆ ನಗುವನ್ನು ದಾಲ್ಸು ಒಂದು ದಿನವೂ ಮರೆತಿರಲಿಲ್ಲ. ಸೊಂಟದುದ್ದ ನೀರಲ್ಲಿ ತಡಕಾಡಿ ಎಲುಬು ಆರಿಸಿಟ್ಟುಕೊಂಡಿದ್ದವನು, ಧಣಿಗಳು ಯುದ್ಧಕ್ಕೆ ಹೆದರಿ ಊರು ಬಿಟ್ಟು ಓಡಿದ ಮಾರನೆಯ ದಿನವೇ, ಅವರಜ್ಜನ ಪಕ್ಕದಲ್ಲಿ ಅಷ್ಟೇ ಎತ್ತರದ ದಿಬ್ಬ ಎಬ್ಬಿಸಿದ್ದ.

ಕೂಲಿಯವರು ಅಗೆದರು. ಧಣಿಗಳು ಮಂಡಿಯೂರಿ ಒಂದೊಂದೇ ಎಲುಬು ಎತ್ತಿ, ಒರೆಸಿ, ಬಿಳಿ ಕಾಗದದ ಮೇಲೆ ತಲೆಯಿಂದ ಕಾಲಿನವರೆಗೆ ಜೋಡಿಸತೊಡಗಿದರು. ಮೊಣಕಾಲಿನ ಕೆಳಗೆ ಬಂದಾಗ ಕೈ ನಿಂತಿತು.

"ಇದೇನೋ ಸೊಟ್ಟಗಿದೆ? ಅಜ್ಜ ಕುಂಟ ಅಂತ ಯಾರೂ ಹೇಳಿರ್ಲಿಲ್ಲವಲ್ಲ!"

ದಾಲ್ಸು ಮುಂದೆ ಬಗ್ಗಿ ನೋಡಿದ. ತನ್ನಪ್ಪನ ಆ ಕಾಲು ಮುರಿದದ್ದು ಈ ಧಣಿಯ ಅಪ್ಪನ ದೊಣ್ಣೆ.

"ನೀವಿನ್ನೂ ಹುಟ್ಟಿರ್ಲಿಲ್ಲ ಧಣಿ. ಕೊನೇಗಾಲದಲ್ಲಿ ಕುದುರೆಯಿಂದ ಬಿದ್ದಿದ್ರು. ದೊಡ್ಡೋರ ಮನೆ ವಿಷ್ಯ, ಯಾರು ಬಾಯಿ ಬಿಡ್ತಾರೆ? ನಮ್ಮಪ್ಪನೇ ಬೆನ್ನ ಮೇಲೆ ಹೊತ್ಕೊಂಡು ತಿರುಗ್ತಿದ್ದ."

ಧಣಿಗಳ ಕಣ್ಣು ತುಂಬಿತು. "ಐಗೋ, ಅಜ್ಜಾ, ಎಷ್ಟು ನೋವು ತಿಂದ್ಯೋ!" ಎಂದು ಆ ಸೊಟ್ಟ ಎಲುಬನ್ನು ಕೆನ್ನೆಗೊತ್ತಿಕೊಂಡು ಅತ್ತರು. ಎದ್ದು ಅಡ್ಡಬಿದ್ದರು.

"ಹಣೆ ನೆಲಕ್ಕೆ ತಾಗ್ಲಿಲ್ಲ ಧಣಿ," ಎಂದ ದಾಲ್ಸು.

ಧಣಿಗಳು ಇನ್ನೊಮ್ಮೆ ಅಡ್ಡಬಿದ್ದರು. ಈ ಸಲ ಹಣೆಗೆ ಕೆಮ್ಮಣ್ಣು ಮೆತ್ತಿತು.

ಸಂಜೆ ಬುಲ್ಡೋಜರ್ ಗುರುಗುಟ್ಟುತ್ತ ಮೇಲೆ ಬಂತು. "ಇದಕ್ಕೆ ಯಾರೂ ಇಲ್ವಾ?" ಎಂದು ಡ್ರೈವರ್ ಬಲಗಡೆಯ ದಿಬ್ಬದತ್ತ ಕೈ ಮಾಡಿ ಕೂಗಿದ.

"ಯಾರೂ ಇಲ್ಲ ಸ್ವಾಮಿ. ಹೊಡೀರಿ."

ದಾಲ್ಸು ಕೆಂಪು ಗೂಟ ಕಿತ್ತು ದಾರಿ ಬಿಟ್ಟ. ಕೆಳಗೆ ಧಣಿಗಳು ಎಲುಬಿನ ಗಂಟನ್ನು ಎದೆಗವಚಿಕೊಂಡು, ಎಲ್ಲಿ ಎಡವುತ್ತೇನೋ ಎಂಬಂತೆ ಒಂದೊಂದೇ ಹೆಜ್ಜೆ ಇಡುತ್ತ ಗುಡ್ಡ ಇಳಿಯುತ್ತಿದ್ದರು.