ಮತ್ತೆ ಶುರುವಾದದ್ದು

ಬೆಳಿಗ್ಗೆ ಹನ್ನೊಂದಾದರೆ ಆ ಬ್ಯೂಟಿ ಪಾರ್ಲರಿನಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಇದ್ದದ್ದು ಎರಡು ಕುರ್ಚಿ, ಗೋಡೆಗೆ ಒತ್ತಿದ ಒಂದು ಬೆಂಚು. ಹುಬ್ಬು ತಿದ್ದಿಸಿಕೊಳ್ಳಲು ಬಂದವರು ಕೆಲಸ ಮುಗಿದ ಮೇಲೂ ಏಳುತ್ತಿರಲಿಲ್ಲ. ಒಡತಿಯ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಒಬ್ಬರಿಗೆ ಸೊಸೆಯನ್ನು ಸಂಭಾಳಿಸುವುದು ಹೇಗೆಂದು ಹೇಳುತ್ತಿದ್ದಳು, ಇನ್ನೊಬ್ಬರಿಗೆ ಮಂಡಿನೋವಿಗೆ ಉಪಾಯ ಹೇಳುತ್ತಿದ್ದಳು. ಅಷ್ಟು ಪ್ರೀತಿಯಿಂದ ಕೇಳಿಸಿಕೊಳ್ಳುವವರು ಆ ಹೆಂಗಸರಿಗೆ ಮನೆಯಲ್ಲೂ ಇರಲಿಲ್ಲ, ಆಸ್ಪತ್ರೆಯಲ್ಲಂತೂ ಇರಲೇ ಇಲ್ಲ.

ಮುಟ್ಟು ನಿಂತವರ ಗೋಳು ಹೆಚ್ಚಾಗಿ ಅಲ್ಲೇ ಹೊರಬೀಳುತ್ತಿತ್ತು. ಇದ್ದಕ್ಕಿದ್ದಂತೆ ಮೈಗೆ ಬೆಂಕಿ ಬಿದ್ದಂತಾಗುವುದು, ನಿದ್ದೆಗೇಡು, ಕಾರಣವಿಲ್ಲದ ಅಳು. ಅಂಥವರಿಗಾಗಿ ಅವಳ ಡ್ರಾಯರಿನಲ್ಲಿ ಬಿಳಿ ಡಬ್ಬಿಗಳಿದ್ದವು. ಸೌಂದರ್ಯವರ್ಧಕಗಳ ಪ್ರದರ್ಶನವೊಂದರಲ್ಲಿ ಸಿಕ್ಕ ಹೆಂಗಸು ಕಳಿಸಿಕೊಡುತ್ತಿದ್ದ ಹಾರ್ಮೋನು ಕ್ರೀಮು ಅದು. ಡಬ್ಬಿಯ ಮೇಲೆ ಒಂದು ಎಲೆಯ ಚಿತ್ರ, ‘ನೈಸರ್ಗಿಕ, ನಿಮ್ಮ ದೇಹದಲ್ಲಿರುವುದೇ’ ಎಂಬ ಬರಹ. ಒಳಗೆ ಏನು ಎಷ್ಟಿದೆ ಎಂದು ಎಲ್ಲೂ ಬರೆದಿರಲಿಲ್ಲ. ಕೇಳಿದವರೂ ಇರಲಿಲ್ಲ.

ಮೊದಲ ಡಬ್ಬಿ ಹೋದದ್ದು ಅವಳ ಸ್ವಂತ ಅಕ್ಕನಿಗೆ. ಅಕ್ಕ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಮಾಡುತ್ತಿದ್ದಳು. ಕಾದ ಉರುಳೆಗಳ ಇಸ್ತ್ರಿ ಯಂತ್ರದ ಮುಂದೆ ನಿಂತಾಗ ಒಳಗಿನ ಉರಿಯೂ ಸೇರಿಕೊಂಡು ಅವಳಿಗೆ ಜೀವವೇ ಬೇಡವಾಗುತ್ತಿತ್ತು. ಕೆಲಸದವರಿಗೆಂದು ಇದ್ದ ದವಾಖಾನೆಗೆ ಹೋದಳು. ಅಲ್ಲಿನ ಡಾಕ್ಟರು ತಲೆ ಎತ್ತದೆಯೇ, “ವಯಸ್ಸಾಯ್ತಲ್ಲಮ್ಮ, ಎಲ್ರಿಗೂ ಆಗತ್ತೆ, ಸಹಿಸ್ಕೊಳ್ಳಿ” ಎಂದು ಮುಂದಿನವರನ್ನು ಕರೆದರು. ಎರಡು ನಿಮಿಷವೂ ಆಗಿರಲಿಲ್ಲ. ಅಲ್ಲಿಂದ ನೇರವಾಗಿ ತಂಗಿಯ ಪಾರ್ಲರಿಗೆ ಬಂದು ಬೆಂಚಿನ ಮೇಲೆ ಕೂತು ಅತ್ತಳು. ತಂಗಿ ಅಕ್ಕನ ಕೈಗೆ ಡಬ್ಬಿ ಕೊಟ್ಟದ್ದು ವ್ಯಾಪಾರಕ್ಕಲ್ಲ, ಆ ಸಂಕಟ ನೋಡಲಾರದೆ.

ಕ್ರೀಮು ಕೆಲಸ ಮಾಡಿತು, ಅದನ್ನು ಅಲ್ಲಗಳೆಯುವಂತಿಲ್ಲ. ತಿಂಗಳೊಳಗೆ ಅಕ್ಕ ನಿದ್ದೆ ಮಾಡತೊಡಗಿದಳು, ನಗತೊಡಗಿದಳು. ಹಾಗೆ ಸುಮಾರು ಒಂದೂವರೆ ವರ್ಷ ಕಳೆಯಿತು. ಒಂದು ದಿನ ಬಂದು, ಬೆಂಚಿನ ಮೇಲೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹುಡುಗಿಯ ಹಾಗೆ ಪಿಸುಗುಟ್ಟಿದಳು.

“ಲೇ, ನನಗೆ ಮತ್ತೆ ಶುರುವಾಗಿದೆ ಕಣೇ.”

“ಏನು?”

“ಅದೇ... ನಿಂತು ನಾಲ್ಕು ವರ್ಷ ಆಗಿತ್ತಲ್ಲ.”

ತಂಗಿ ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ಚಪ್ಪಾಳೆ ತಟ್ಟಿ ನಕ್ಕಳು. “ಕ್ರೀಮು ಒಳಗೆ ಇಳಿದಿದೆ ಅಂತ ಅರ್ಥ! ನಿನ್ನ ವಯಸ್ಸು ಹಿಂದಕ್ಕೆ ಓಡ್ತಿದೆ. ಭಾವನಿಗೆ ಹುಷಾರಾಗಿರೋಕೆ ಹೇಳು.”

“ಡಾಕ್ಟರಿಗೆ ತೋರಿಸ್ಲಾ?”

“ಸಹಿಸ್ಕೊಳ್ಳಿ ಅಂದ್ರಲ್ಲ, ಅದೇ ಡಾಕ್ಟರಿಗಾ? ಸುಮ್ನಿರು. ಖುಷಿಪಡೋದು ಬಿಟ್ಟು.”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಂಗಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಂದಿನಿಂದ ಡ್ರಾಯರು ತೆಗೆದಾಗಲೆಲ್ಲ, “ನಮ್ಮಕ್ಕನಿಗೆ ಐವತ್ತೈದು ದಾಟಿದೆ, ಮತ್ತೆ ಮುಟ್ಟಾಗ್ತಿದ್ದಾಳೆ” ಎಂದು ಹೆಮ್ಮೆಯಿಂದ ಹೇಳಿಕೊಂಡಳು. ಕೇಳಿದವರು ಬೆರಗಾಗಿ ಡಬ್ಬಿ ಕೊಂಡರು.

ಹತ್ತು ತಿಂಗಳು ಕಳೆದ ಮೇಲೆ ಅಕ್ಕ ಯಂತ್ರದ ಪಕ್ಕದಲ್ಲೇ ಕುಸಿದು ಬಿದ್ದಳು. ಮೈಯಲ್ಲಿ ರಕ್ತವೇ ಇರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನು ಮಾಡಿದರು, ಗರ್ಭಕೋಶದಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು, ಬಾಗಿಲು ಹಾಕಿಸಿ, ಮೆಲ್ಲಗೆ ಹೇಳಿದರು. ಗರ್ಭಕೋಶದ ಒಳಪದರದ ಕ್ಯಾನ್ಸರು. ಹೊಟ್ಟೆಯೊಳಗೆಲ್ಲ ಹರಡಿದೆ. ನೋವು ಕಡಿಮೆ ಮಾಡಬಹುದು, ಇನ್ನಷ್ಟು ದಿನ ಕೊಡಬಹುದು. ವಾಸಿಯಾಗುತ್ತದೆ ಎಂದು ಹೇಳುವಂತಿಲ್ಲ.

ಅಕ್ಕನ ಕೈಚೀಲದಲ್ಲಿದ್ದ ಡಬ್ಬಿ ಮೇಜಿನ ಮೇಲೆ ಬಂತು. ಡಾಕ್ಟರಮ್ಮ ತಿರುಗಿಸಿ ತಿರುಗಿಸಿ ನೋಡಿದರು.

“ಇಂಥ ಕ್ರೀಮಲ್ಲಿ ಈಸ್ಟ್ರೋಜನ್ ಹಾರ್ಮೋನು ಹಾಕಿರ್ತಾರೆ. ಎಷ್ಟಿದೆ ಅಂತಾನೇ ಬರೆದಿಲ್ವಲ್ಲ. ಜೊತೆಗೆ ಪ್ರೊಜೆಸ್ಟರಾನ್ ಮಾತ್ರೆ ಏನಾದ್ರೂ ತಗೊಳ್ತಿದ್ರಾ?”

ಅಕ್ಕ ಇಲ್ಲವೆಂದು ತಲೆಯಾಡಿಸಿದಳು.

“ಈಸ್ಟ್ರೋಜನ್ ಒಂದನ್ನೇ ಕೊಟ್ರೆ ಗರ್ಭಕೋಶದ ಒಳಪದರ ಬೆಳೀತಾನೇ ಹೋಗತ್ತೆ. ಅದನ್ನ ಹಿಡಿತದಲ್ಲಿ ಇಡೋದು ಪ್ರೊಜೆಸ್ಟರಾನ್. ಗರ್ಭಕೋಶ ಇರೋರಿಗೆ ಎರಡನ್ನೂ ಕೊಡ್ಲೇಬೇಕು. ನಿಮ್ಮ ಕಾಯಿಲೆ ಇದರಿಂದಲೇ ಬಂತು ಅಂತ ನಾನು ಆಣೆ ಮಾಡಿ ಹೇಳಲಾರೆ. ಆದ್ರೆ ಅಪಾಯ ಹೆಚ್ಚಾಗೋದು ಹೀಗೇನೇ.”

ತಂಗಿಗೆ ತಡೆಯಲಾಗಲಿಲ್ಲ. “ಅದು ನೈಸರ್ಗಿಕ ಡಾಕ್ಟ್ರೇ. ದೇಹದಲ್ಲಿ ಇರೋದೇ ಅಲ್ವಾ?”

“ದೇಹದಲ್ಲಿ ಇರೋದೇ. ನಾನೂ ಅಂಥದ್ದನ್ನೇ ಬರೆದುಕೊಡ್ತೀನಿ. ಚರ್ಮಕ್ಕೆ ಅಂಟಿಸೋ ಪಟ್ಟಿ, ಜೆಲ್ಲು, ಮಾತ್ರೆ, ಎಲ್ಲ ಔಷಧಿ ಅಂಗಡೀಲೇ ಸಿಗತ್ತೆ. ಪರೀಕ್ಷೆ ಆಗಿರತ್ತೆ, ಅಳತೆ ಗೊತ್ತಿರತ್ತೆ. ಸ್ತನದ ಕ್ಯಾನ್ಸರ್ ಆಗಿತ್ತಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ ಅಂತೆಲ್ಲ ಕೇಳಿ, ಆಗುವಂಥವರಿಗೆ ಮಾತ್ರ ಕೊಡ್ತೀವಿ. ಆಮೇಲೂ ಕರೆದು ನೋಡ್ತಿರ್ತೀವಿ. ಅದಕ್ಕೂ ಅಪಾಯ ಇಲ್ವೇ ಇಲ್ಲ ಅಂತಲ್ಲ. ಎಷ್ಟು ಅಂತ ಗೊತ್ತಿರತ್ತೆ, ಅಷ್ಟೇ. ನಿಮ್ಮಕ್ಕನಿಗೆ ಬಹುಶಃ ಅದನ್ನ ಕೊಡಬಹುದಿತ್ತು.”

“ಕೊಡಬಹುದಿತ್ತು!” ತಂಗಿಯ ದನಿ ಏರಿತು. “ಅವಳು ಮೊದಲು ಹೋಗಿದ್ದೇ ಡಾಕ್ಟರ ಹತ್ರ. ಎರಡು ನಿಮಿಷ ಕೇಳಿಸ್ಕೊಳ್ಳೋ ಪುರುಸೊತ್ತಿರಲಿಲ್ಲ ಅವರಿಗೆ. ನಾನು ಕೇಳಿದೆ.”

ಡಾಕ್ಟರಮ್ಮ ಡಬ್ಬಿಯನ್ನು ಕೆಳಗಿಟ್ಟರು. “ಅದು ನಮ್ಮವರ ತಪ್ಪು. ಇಲ್ಲ ಅನ್ನಲ್ಲ” ಎಂದರು. ಆಮೇಲೆ ಅಕ್ಕನ ಕಡೆ ತಿರುಗಿದರು. “ಆದ್ರೆ ಮುಟ್ಟು ನಿಂತು ವರ್ಷ ಆದಮೇಲೆ ಒಂದು ಹನಿ ಕಂಡ್ರೂ ತೋರಿಸ್ಬೇಕಮ್ಮ. ಹತ್ತು ತಿಂಗಳು ಹೇಗೆ ಸುಮ್ನಿದ್ರಿ? ಪರವಾಗಿಲ್ಲ ಅಂತ ಯಾರಾದ್ರೂ ಹೇಳಿದ್ರಾ?”

ಅಕ್ಕ ತಂಗಿಯ ಕಡೆ ನೋಡಲೂ ಇಲ್ಲ.

“ಯಾರೂ ಹೇಳ್ಲಿಲ್ಲ. ನಾನೇ ಒಬ್ಬಳು ಪೆದ್ದಿ, ಹಂಗಂದ್ಕೊಂಡೆ.”

ಹೇಳಿದ್ದು ನಾನೇ ಎಂದು ತಂಗಿ ಒಪ್ಪಿಕೊಳ್ಳಲಿಲ್ಲ.

ವಾರ್ಡಿನಲ್ಲಿ ಅಕ್ಕನನ್ನು ಮಲಗಿಸಿ ಹೊದಿಕೆ ಹೊದಿಸುವಾಗ ತಂಗಿ ಬಿಕ್ಕಿಬಿಟ್ಟಳು. ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು.

“ಇನ್ನೂ ಎಷ್ಟು ಜನಕ್ಕೆ ಕೊಟ್ಟಿದ್ದೀಯ?”

“ಹನ್ನೊಂದು ಜನಕ್ಕೆ.”

“ಹೇಳು ಅವರಿಗೆ.”

“ಹೇಳಿದ್ರೆ ಬಾಗಿಲು ಮುಚ್ಚಬೇಕಾಗತ್ತೆ ಅಕ್ಕಾ. ಬೀದೀಲಿ ನಿಲ್ಲಿಸಿ ಉಗೀತಾರೆ.”

“ಉಗಿಸ್ಕೋ.” ಅಕ್ಕ ಉಸಿರೆಳೆದುಕೊಳ್ಳಲು ನಿಂತಳು. “ನಿನ್ನ ಅಕ್ಕ ಆಗಿದ್ದಕ್ಕೆ ನಾನು ಡಾಕ್ಟರ ಮುಂದೆ ಸುಳ್ಳು ಹೇಳಿದೆ. ಅವರೆಲ್ಲ ಯಾಕೆ ನಿನಗೋಸ್ಕರ ಸಾಯ್ಬೇಕು?”

ಮಾರನೆಯ ಬೆಳಿಗ್ಗೆ ತಂಗಿ ಎಂದಿಗಿಂತ ಬೇಗ ಪಾರ್ಲರಿನ ಬಾಗಿಲು ತೆರೆದು ಫೋನು ಹಿಡಿದು ಕೂತಳು. ಮೊದಲನೆಯವಳು ಪೂರ್ತಿ ಕೇಳದೆ ಫೋನಿಟ್ಟಳು. ಎರಡನೆಯವಳು, “ನಾನು ಮಲಗ್ತಿರೋದೇ ಅದರಿಂದ, ಅದನ್ನೂ ಕಿತ್ಕೋಬೇಡ” ಎಂದು ಅಂಗಲಾಚಿದಳು. ಡಾಕ್ಟರ ಹತ್ತಿರ ಅಳತೆಯಿರುವ ಔಷಧಿ ಸಿಗುತ್ತದೆ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಅವಳನ್ನು ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಮೂರನೆಯ ಹೆಸರು ಗಣಿತದ ಟೀಚರದ್ದು. ಫೋನು ಮಾಡುವ ಮೊದಲೇ ಅವರೇ ಬಾಗಿಲಲ್ಲಿ ನಿಂತಿದ್ದರು.

“ಇವತ್ತು ಶಾಲೆಗೆ ರಜ ಹಾಕ್ಬಿಟ್ಟೆ. ತಲೆಗೆ ಬಣ್ಣ ಹಾಕಮ್ಮ, ಚೆನ್ನಾಗಿ ಹಾಕು” ಎನ್ನುತ್ತ ಟೀಚರು ಕುರ್ಚಿಯಲ್ಲಿ ಕೂತರು. ಮುಖ ಅರಳಿತ್ತು. ಕನ್ನಡಿಯಲ್ಲೇ ಅವಳನ್ನು ನೋಡುತ್ತ ದನಿ ತಗ್ಗಿಸಿದರು. “ಯಾರಿಗೂ ಹೇಳ್ಬೇಡ. ನಿಮ್ಮಕ್ಕನಿಗಾದ ಹಾಗೇ ನನಗೂ ಶುರುವಾಯ್ತು!”

ತಂಗಿ ಕುರ್ಚಿಯನ್ನು ಕನ್ನಡಿಯಿಂದ ತನ್ನ ಕಡೆಗೆ ತಿರುಗಿಸಿ, ಟೀಚರ ಮುಂದೆ ನೆಲದ ಮೇಲೆ ಕೂತಳು.

“ನಮ್ಮಕ್ಕ ಉಳಿಯಲ್ಲ ಟೀಚರ್. ಅದು ವಯಸ್ಸು ವಾಪಸು ಬಂದಿದ್ದಲ್ಲ, ಕ್ಯಾನ್ಸರು. ಹತ್ತು ತಿಂಗಳು ತೋರಿಸದೆ ಬಿಟ್ವಿ. ಖುಷಿಪಡು ಅಂತ ಅವಳಿಗೆ ಹೇಳಿದ್ದು ನಾನು. ನಿಮಗೂ ಹೇಳಿದ್ದು ನಾನೇ.”

ಟೀಚರ ಮುಖದ ನಗೆ ಕೂಡಲೇ ಹೋಗಲಿಲ್ಲ. ಅರ್ಥವಾದಂತೆ ಒಂದೊಂದಾಗಿ ಗೆರೆಗಳು ಇಳಿದವು. ಬೈಯುತ್ತಾರೆಂದು ತಂಗಿ ತಲೆ ಬಗ್ಗಿಸಿ ಕಾದಳು. ಟೀಚರು ಬೈಯಲಿಲ್ಲ. ಬೆರಳು ಮಡಿಚಿ ಎಣಿಸತೊಡಗಿದರು.

“ಹದಿನೇಳು ದಿನ ಆಯ್ತು ನನಗೆ. ಹದಿನೇಳೇ ದಿನ. ನಿಮ್ಮಕ್ಕನಿಗೆ ಹತ್ತು ತಿಂಗಳು ಅಂದ್ಯಲ್ಲ. ಹಾಗಾದ್ರೆ ನನ್ನದು ಬೇಗ ಅಲ್ವಾ? ಏನೂ ಆಗಿರಲ್ಲ ಅಲ್ವಾ? ಹೇಳಮ್ಮ.”

ಹೌದು ಟೀಚರ್, ಏನೂ ಆಗಿರಲ್ಲ ಎಂಬ ಮಾತು ತಂಗಿಯ ನಾಲಿಗೆಯ ತುದಿಗೆ ಬಂದಿತ್ತು. ಹಾಗೆ ಸಮಾಧಾನ ಹೇಳಿಯೇ ಅವಳಿಗೆ ಅಭ್ಯಾಸ. ಎದುರಿಗಿದ್ದ ಆ ಹೆದರಿದ ಕಣ್ಣುಗಳಿಗೆ ಬೇಕಾಗಿದ್ದದ್ದೂ ಅದೊಂದೇ ಮಾತು.

“ನನಗೆ ಗೊತ್ತಿಲ್ಲ ಟೀಚರ್” ಎಂದಳು ಅವಳು, ಅಳುತ್ತ. “ಖಂಡಿತ ನನಗೆ ಗೊತ್ತಿಲ್ಲ. ಏಳಿ, ಗೊತ್ತಿರೋರ ಹತ್ರ ಹೋಗೋಣ.”